ಆಲ್ಪ್ಸ್ ಬೆಟ್ಟದ ಡಿಸೈನ್ ಹೋಟೆಲ್ ಆರಿಸೋದು ಹೇಗೆ: ಮೈಸೂರಿಂದ ಹೊರಡೋರಿಗೆ

ಮೈಸೂರಿಂದ ಯೂರೋಪ್ ಟೂರ್ ಹೋಗೋರ ಪ್ಯಾಕೇಜ್ ನೋಡಿ, ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಜ್ಯೂರಿಕ್, ಲೂಸರ್ನ್, ಟಿಟ್ಲಿಸ್, ಇಂಟರ್‌ಲಾಕನ್, ಯುಂಗ್‌ಫ್ರಾವ್, ರಾತ್ರಿ ಮಲಗೋಕೆ ಹೈವೇ ಪಕ್ಕದ ಯಾವ್ದೋ ಹೋಟೆಲ್ಲು, ಬೆಳಿಗ್ಗೆ ಏಳು ಗಂಟೆಗೆ ಬಸ್ಸು ಹತ್ತಬೇಕು. ಬೆಟ್ಟದ ಮುಂದೆ ನಿಂತು ಫೋಟೋ ತೆಗೆದುಕೊಂಡು ವಾಪಸ್ ಬರೋದಷ್ಟೇ. ಆದ್ರೆ ಸುಮಾರು ಮೂವತ್ತು ವರ್ಷದಿಂದ ಸ್ವಿಟ್ಜರ್ಲೆಂಡು, ಆಸ್ಟ್ರಿಯಾ, ಇಟಲಿಯ ಉತ್ತರ ತುದೀಲಿರೋ ಸೌತ್ ಟಿರೋಲ್ ಈ ಕಡೆಯೆಲ್ಲ ಒಳ್ಳೊಳ್ಳೆ ಆರ್ಕಿಟೆಕ್ಟ್‌ಗಳು ಬೆಟ್ಟದ ಮೇಲೆ ಹೋಟೆಲ್ ಕಟ್ತಾ ಬಂದಿದ್ದಾರೆ, ಅಲ್ಲಿ ಹೋಟೆಲ್ಲೇ ನೋಡೋ ಜಾಗ, ಅಲ್ಲೇ ಮೂರು ದಿನ ಇದ್ದು ಬರೋದೇ ಟ್ರಿಪ್ಪು. ನಾನು ಮನೆ ಪ್ಲಾನ್ ಹಾಕೋ ಕೆಲಸದಲ್ಲಿರೋನು, ಹಾಗಾಗಿ ಪರಿಚಯದವರು ಯಾರೇ ಆ ಕಡೆ ಹೊರಟ್ರೂ ಯಾವ ಹೋಟೆಲ್ ಬುಕ್ ಮಾಡ್ಲಿ ಅಂತ ಕೇಳ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೀತಿದ್ದೀನಿ.

ಮಂಡ್ಯದ ನಮ್ಮ ಚಿಕ್ಕಮ್ಮ ಇದನ್ನ ಕೇಳಿದ ಕೂಡ್ಲೆ, "ಅಲ್ಲ ಕಣಪ್ಪ, ಅಷ್ಟ್ ದೂರ ಹೋಗ್ಬುಟ್ಟು ರೂಮಲ್ಲೇ ಕುಂತ್ಕಳದಾ?" ಅಂದ್ರು. ಹೌದು ಚಿಕ್ಕಮ್ಮ, ಕೂತ್ಕೊಳ್ಳೋದೇ, ಆದ್ರೆ ಕೂತ್ಕೊಳ್ಳೋ ಜಾಗ ಅಷ್ಟು ಚೆನ್ನಾಗಿರಬೇಕು, ಇಲ್ದಿದ್ರೆ ದುಡ್ಡು ದಂಡ. ಅದಕ್ಕೇ ಇನ್‌ಸ್ಟಾಗ್ರಾಮಲ್ಲಿ ಸ್ವಿಮ್ಮಿಂಗ್ ಪೂಲ್ ಫೋಟೋ ನೋಡಿ ಬುಕ್ ಮಾಡ್ಬೇಡಿ, ಕಟ್ಟಡ ನೋಡಿ ಬುಕ್ ಮಾಡಿ. ಮುಂದೆ ಬರೆದಿರೋದೆಲ್ಲ ಅದನ್ನ ನೋಡೋದು ಹೇಗೆ ಅನ್ನೋದ್ರ ಬಗ್ಗೇನೇ.

ಮೊದಲು ಸ್ವಲ್ಪ ಹಿನ್ನೆಲೆ, ಇದು ಗೊತ್ತಿದ್ರೆ ವೆಬ್‌ಸೈಟ್ ನೋಡುವಾಗ ಯಾವ ಹೋಟೆಲ್ ಯಾವ ಜಾತಿದು ಅಂತ ತಕ್ಷಣ ತಿಳಿಯತ್ತೆ. ಆಲ್ಪ್ಸ್‌ನ ಹಳೇ ದೊಡ್ಡ ಹೋಟೆಲ್‌ಗಳು ಅರಮನೆ ಥರದವು, ಸೇಂಟ್ ಮೊರಿಟ್ಜ್‌ನಲ್ಲಿ 1896ರಲ್ಲಿ ಶುರುವಾದ ಬಾಡ್ರುಟ್ಸ್ ಪ್ಯಾಲೇಸ್ ಹಂಗೆ, ಗೋಪುರ, ಬಾಲ್‌ರೂಮ್, ಇತ್ಯಾದಿ, ನಮ್ಮ ಲಲಿತಮಹಲ್ ನೋಡಿದೋರಿಗೆ ಹೊಸದೇನಲ್ಲ. ಅದರ ಜೊತೆಜೊತೆಗೇ ಬಂದಿದ್ದು ಕ್ಷಯರೋಗದ ಸ್ಯಾನಿಟೋರಿಯಂಗಳು. ಔಷಧಿ ಇಲ್ಲದ ಕಾಲ ಅದು, 1882ರಲ್ಲಿ ಕೋಖ್ ರೋಗಾಣು ಕಂಡುಹಿಡಿದ್ರೂ ಸ್ಟ್ರೆಪ್ಟೋಮೈಸಿನ್ ಬರೋಕೆ 1940ರ ದಶಕ ಆಯ್ತು, ಅಲ್ಲೀವರೆಗೂ ಬಿಸಿಲು, ಒಣ ಗಾಳಿ, ಒಳ್ಳೆ ಊಟ ಇಷ್ಟೇ ಚಿಕಿತ್ಸೆ. ನಮ್ಮಲ್ಲೂ ಕೆಆರ್‌ಎಸ್ ರೋಡಲ್ಲಿ ಪಿಕೆ ಸ್ಯಾನಿಟೋರಿಯಂ ಇದೆಯಲ್ಲ, ಊರಾಚೆ ಗಾಳಿ ಬೆಳಕು ಇರೋ ಕಡೆ ಕಟ್ಟಿದ್ದು, ಅದೇ ಯೋಚನೆ. ದಾವೋಸ್‌ನಲ್ಲಿ ಪೇಷೆಂಟ್‌ಗಳು ದಿನವೆಲ್ಲ ಬಾಲ್ಕನೀಲಿ ಮಲಗಿರಬೇಕಿತ್ತು, ಅದಕ್ಕೆ ಪ್ರತಿ ರೂಮಿಗೂ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ, ದೊಡ್ಡ ಕಿಟಕಿ, ಮೇಲೆ ಫ್ಲಾಟ್ ಆರ್‌ಸಿಸಿ ಥರದ ಮಾಡು, ಒಳಗೆ ಧೂಳು ಕೂರದ ಹಾಗೆ ಅಲಂಕಾರ ಇಲ್ಲದ ಗೋಡೆ. ಇವತ್ತು ಮಾಡರ್ನ್ ಮೌಂಟನ್ ಹೋಟೆಲ್ ಅಂತ ನಾವು ನೋಡೋದೆಲ್ಲ ಅಲ್ಲಿಂದ ಬಂದಿದ್ದು. ದಾವೋಸ್ ಮೇಲಿನ ಶಾಟ್ಸ್‌ಆಲ್ಪ್ ಅಂತ 1900ರಲ್ಲಿ ತೆರೆದ ಸ್ಯಾನಿಟೋರಿಯಂ ಈಗ ಹೋಟೆಲ್ಲು, ಕೆಳಗಿನ ಊರಿಂದ ಹಳಿ ಮೇಲೆ ಎಳೆಯೋ ಫ್ಯುನಿಕ್ಯುಲರ್ ಗಾಡೀಲಿ ಹತ್ತಿ ಹೋಗಬೇಕು, ಹಳೇ ಬಾಲ್ಕನಿಗಳು ಹಾಗೇ ಇವೆ.

ಆಮೇಲೆ ಸ್ಕೀಯಿಂಗ್ ಜೋರಾಗಿ ಎಲ್ಲಾ ಕಡೆ ಷಾಲೆ, ಅಂದ್ರೆ ಬೆಟ್ಟದ ಮರದ ಮನೆ ಥರದ ಹೋಟೆಲ್‌ಗಳು ಎದ್ದವು, ಒಳಗೆ ಕಾಂಕ್ರೀಟು, ಹೊರಗೆ ಕೆತ್ತನೆ ಮಾಡಿದ ಮರದ ಪಟ್ಟಿ ಅಂಟಿಸಿ ಮೇಲೆ ಜಿಂಕೆ ಕೊಂಬು ನೇತು ಹಾಕಿದ್ರೆ ಮುಗೀತು. ಆ ಕಾಲದಲ್ಲೇ ಫ್ರಾನ್ಸ್‌ನ ಫ್ಲೇನ್ ಅನ್ನೋ ಕಡೆ ಮಾರ್ಸೆಲ್ ಬ್ರಾಯರ್ ಇಡೀ ಊರನ್ನೇ ಕಾಂಕ್ರೀಟಲ್ಲಿ ಡಿಸೈನ್ ಮಾಡಿದ್ರು, ಇವತ್ತಿಗೂ ಅದನ್ನ ಇಷ್ಟಪಡೋರೂ ಇದ್ದಾರೆ ಬೈಯೋರೂ ಇದ್ದಾರೆ, ನನಗಿಷ್ಟ.

ಈಗಿನ ಅಲೆಗೆ ದಿಕ್ಕು ತೋರಿಸಿದ್ದು 1996ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಸ್ ಅನ್ನೋ ಪುಟ್ಟ ಊರಲ್ಲಿ ತೆರೆದ ಬಿಸಿನೀರಿನ ಸ್ನಾನಗೃಹ, ಆರ್ಕಿಟೆಕ್ಟ್ ಪೀಟರ್ ಜುಮ್ತೋರ್. ಅಲ್ಲಿ ಅರವತ್ತರ ದಶಕದ ಹೋಟೆಲ್ ಒಂದು ದಿವಾಳಿಯಾಗಿತ್ತು, 1983ರಲ್ಲಿ ಊರಿನ ಪಂಚಾಯ್ತಿಯೇ ಅದನ್ನ ಕೊಂಡುಕೊಂಡು, ನಮ್ಮೂರ ಬಿಸಿನೀರಿನ ಊಟೆ ಇಟ್ಕೊಂಡು ಏನಾದ್ರೂ ಮಾಡೋಣ ಅಂತ ಈ ಕೆಲಸ ಕೊಟ್ಟಿದ್ದು. ಆ ಊರಿನದೇ ಗಣಿಯ ಕ್ವಾರ್ಟ್‌ಜೈಟ್ ಕಲ್ಲು, ಸುಮಾರು 60,000 ತೆಳು ಚಪ್ಪಡಿಗಳನ್ನ ಒಂದರ ಮೇಲೊಂದು ಪೇರಿಸಿ ಗೋಡೆ, ಮಾಡಿನ ಮೇಲೆ ಹುಲ್ಲು, ಅರ್ಧ ಕಟ್ಟಡ ಇಳಿಜಾರಿನ ಒಳಗೇ ಹೂತಿದೆ. ಒಳಗೆ 42 ಡಿಗ್ರಿ ಬಿಸಿಯ ತೊಟ್ಟಿಯೂ ಇದೆ, 14 ಡಿಗ್ರಿ ಚಳಿಯ ತೊಟ್ಟಿಯೂ ಇದೆ. ತೆರೆದ ಎರಡೇ ವರ್ಷಕ್ಕೆ, 1998ರಲ್ಲಿ, ಅದನ್ನ ಸಂರಕ್ಷಿತ ಕಟ್ಟಡ ಅಂತ ಮಾಡಿದ್ರು, ಜುಮ್ತೋರ್‌ಗೆ 2009ರಲ್ಲಿ ಆರ್ಕಿಟೆಕ್ಟ್‌ಗಳ ದೊಡ್ಡ ಪ್ರಶಸ್ತಿ ಪ್ರಿಟ್ಸ್‌ಕರ್ ಬಂತು. ಈಗ ಪಕ್ಕದ ಹೋಟೆಲ್ ಹೆಸರು 7132, ಅದು ಆ ಊರಿನ ಪಿನ್‌ಕೋಡು. ಅದರ ಒಂದು ಬ್ಲಾಕಲ್ಲಿ ತಡಾವೋ ಆಂಡೋ, ಕೆಂಗೊ ಕುಮಾ, ಥಾಮ್ ಮೇನ್, ಜುಮ್ತೋರ್ ನಾಲ್ಕು ಜನ ಡಿಸೈನ್ ಮಾಡಿದ ರೂಮುಗಳಿವೆ, ಬುಕ್ ಮಾಡುವಾಗ ಯಾರ ರೂಮು ಅಂತ ಆರಿಸ್ಕೊಳ್ಳಬಹುದು. ರೂಮು ಚಿಕ್ಕದು, ಮೊದಲೇ ಹೇಳಿಬಿಡ್ತೀನಿ. ಆದ್ರೂ ಕುಮಾ ಅವರ ರೂಮನ್ನೇ ತಗೊಳ್ಳಿ ಅಂತೀನಿ, ಓಕ್ ಮರದ ಹಲಗೆಗಳು ಗೋಡೆಯಿಂದ ಸೀಲಿಂಗಿಗೆ ಸುತ್ತಿಕೊಂಡು ಹೋಗೋದು ನೋಡೋಕೇ ಚಂದ.

ಕಟ್ಟಡ ಓದೋದು ಹೇಗೆ

ಮೊದಲನೇದು ಬಿಸಿಲು, ನಮ್ಮವರು ಯಾರೂ ನೋಡದೇ ಇರೋ ವಿಷಯ ಇದು. ಮೈಸೂರಲ್ಲಿ ನಾವು ಬಿಸಿಲು ತಪ್ಪಿಸ್ಕೊಳ್ಳೋಕೆ ಮನೆ ಕಟ್ತೀವಿ, ಪಶ್ಚಿಮದ ಗೋಡೆ ಕಾಯತ್ತೆ ಅಂತ ಕಿಟಕಿ ಚಿಕ್ಕದು ಮಾಡ್ತೀವಿ, ಅಲ್ಲಿ ಉಲ್ಟಾ. ಡಿಸೆಂಬರ್ ಕೊನೇಲಿ ಮಟಮಟ ಮಧ್ಯಾಹ್ನದಲ್ಲೂ ಸೂರ್ಯ ಅಲ್ಲಿ ದಿಗಂತದಿಂದ ಬರೀ 20 ಡಿಗ್ರಿ ಎತ್ತರದಲ್ಲಿರ್ತಾನೆ, ಅದೇ ದಿನ ಮೈಸೂರಲ್ಲಿ 54 ಡಿಗ್ರಿ. ಅಂದ್ರೆ ಹೋಟೆಲ್ಲಿನ ದಕ್ಷಿಣಕ್ಕೆ ಒಂದು ದೊಡ್ಡ ಬೆಟ್ಟ ಹತ್ತಿರದಲ್ಲೇ ನಿಂತಿದ್ರೆ ಚಳಿಗಾಲದಲ್ಲಿ ವಾರಗಟ್ಟಲೆ ರೂಮಿಗೆ ಬಿಸಿಲೇ ಬೀಳಲ್ಲ. ಇಟಲಿಯ ವಿಗಾನೆಲ್ಲಾ ಅನ್ನೋ ಹಳ್ಳೀಲಿ ಚಳಿಗಾಲ ಪೂರ್ತಿ ಬಿಸಿಲು ಬರಲ್ಲ ಅಂತ 2006ರಲ್ಲಿ ಎದುರು ಬೆಟ್ಟದ ಮೇಲೆ ದೊಡ್ಡ ಕನ್ನಡಿ ನಿಲ್ಲಿಸಿ ಊರಿನ ಚೌಕಕ್ಕೆ ಬಿಸಿಲು ತಿರುಗಿಸಿದ್ರು, ಅಷ್ಟು ಗಂಭೀರ ವಿಷಯ ಅದು. ಹಾಗಾಗಿ ಹೋಟೆಲ್ ಹೆಸರು ಸಿಕ್ಕ ಕೂಡ್ಲೆ ಗೂಗಲ್ ಅರ್ತ್ ತೆಗೆದು ಅದು ಕಣಿವೆ ತಳದಲ್ಲಿದೆಯೋ ಇಳಿಜಾರಿನ ಮೇಲಿದೆಯೋ, ಯಾವ ದಿಕ್ಕಿಗೆ ಮುಖ ಅಂತ ನೋಡಿ. ಸ್ವಿಟ್ಜರ್ಲೆಂಡ್ ಆದ್ರೆ ಸ್ವಿಸ್‌ಟೋಪೋ ಅಂತ ಸರ್ಕಾರದ ಮ್ಯಾಪ್ ಫ್ರೀ ಇದೆ, ಎತ್ತರದ ಗೆರೆ ಸಮೇತ ಎಲ್ಲಾ ಕಾಣತ್ತೆ. ಇನ್ನೂ ಸುಲಭದ ದಾರಿ ಅಂದ್ರೆ ಆ ಊರಿನ ವೆಬ್‌ಕ್ಯಾಮ್, ಸ್ಕೀ ಇರೋ ಪ್ರತಿ ಊರಲ್ಲೂ ಇರತ್ತೆ, ಮೈಸೂರಲ್ಲಿ ಕೂತ್ಕೊಂಡೇ ಅಲ್ಲಿ ಈಗ ಬಿಸಿಲಿದೆಯಾ, ಹಿಮ ಇದೆಯಾ, ಎದುರಿಗೆ ಕ್ರೇನ್ ನಿಂತಿದೆಯಾ ಅಂತ ನೋಡಬಹುದು, ಹೋಟೆಲ್ ಹಾಕಿರೋ ಫೋಟೋಗಿಂತ ಇದನ್ನ ನಂಬಿ.

ಎರಡನೇದು ಮರ. ಒಳ್ಳೆ ಹೋಟೆಲ್‌ಗಳ ಹೊರಮೈ ನೋಡಿದ್ರೆ ಎಷ್ಟೋ ಕಡೆ ಲಾರ್ಚ್ ಮರದ ಪಟ್ಟಿ, ಪಾಲಿಶ್ ಇಲ್ಲ ಪೇಂಟ್ ಇಲ್ಲ. ಹೊಸದ್ರಲ್ಲಿ ಜೇನು ಬಣ್ಣ, ಮಳೆ ಬಿಸಿಲು ಬಿದ್ದು ಕೆಲವು ವರ್ಷಕ್ಕೆ ಬೆಳ್ಳಿಯಂಥ ಬೂದು ಬಣ್ಣ. ಇದನ್ನ ನೋಡಿ ಮೇಂಟೆನೆನ್ಸ್ ಇಲ್ಲ ಅಂತ ಅಂದ್ಕೊಳ್ಳೋರು ಇದ್ದಾರೆ, ರಿವ್ಯೂನಲ್ಲೂ ಬರೀತಾರೆ. ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಓಡಾಡ್ತಾ ಓಡಾಡ್ತಾ ಹೇಗೆ ಹೊಳಪು ಬರತ್ತೋ ಹಾಗೆ, ಕಾಲ ಕಳೆದಷ್ಟೂ ಚೆನ್ನಾಗಿ ಕಾಣೋ ವಸ್ತು ಅದು, ಡಿಸೈನ್ ಮಾಡಿದವರು ಮೊದಲೇ ಯೋಚಿಸಿರ್ತಾರೆ. ನೀವು ನೋಡಬೇಕಾಗಿರೋದು ಮರ ಆ ಸೀಮೆದಾ, ಅದನ್ನ ಮಾಡಿದ ಬಡಗಿ ಆ ಸೀಮೆಯವನಾ ಅಂತ. ಹೋಟೆಲ್ ವೆಬ್‌ಸೈಟಲ್ಲಿ ಆರ್ಕಿಟೆಕ್ಟ್ ಹೆಸರು ಹಾಕಿದ್ರೆ ಒಳ್ಳೇದು, ಬಡಗಿ, ಕಲ್ಲು ಕೆಲಸದವರು, ನೇಯ್ಗೆಯವರ ಹೆಸರೂ ಹಾಕಿದ್ರೆ ಇನ್ನೂ ಒಳ್ಳೇದು, ಕಣ್ಣು ಮುಚ್ಕೊಂಡು ಬುಕ್ ಮಾಡಬಹುದು ಅನ್ನೋಷ್ಟು. ಡಿಸೈನರ್ ಹೋಟೆಲ್ ಅಂತ ಬೋರ್ಡ್ ಹಾಕ್ಕೊಂಡು ಯಾರು ಡಿಸೈನ್ ಮಾಡಿದ್ರು ಅಂತ ಎಲ್ಲೂ ಹೇಳದ ಹೋಟೆಲ್ ಬಗ್ಗೆ ನನಗೆ ಅನುಮಾನ.

ಈ ವಿಷಯದಲ್ಲಿ ಆಸ್ಟ್ರಿಯಾದ ಬ್ರೆಗೆನ್ಜರ್‌ವಾಲ್ಡ್ ಸೀಮೆಗೆ ಸಮ ಇಲ್ಲ. ಅಲ್ಲಿನ ಕುಶಲಕರ್ಮಿಗಳೆಲ್ಲ ಸೇರಿ ವೆರ್ಕ್‌ರೌಮ್ ಅಂತ ಒಂದು ಸಂಘ ಮಾಡ್ಕೊಂಡಿದ್ದಾರೆ, ಬಡಗಿ, ಕಮ್ಮಾರ, ಮಂಚ ಕುರ್ಚಿ ಮಾಡೋರು ಎಲ್ಲಾ, ಅವರ ಶೋರೂಮ್ ಕಟ್ಟಡವನ್ನ ಡಿಸೈನ್ ಮಾಡಿದ್ದೂ ಜುಮ್ತೋರೇ, 2013ರಲ್ಲಿ. ಹಿಟ್ಟಿಸೌ ಊರಿನ ಕ್ರೋನೆ ಅನ್ನೋ ಹಳೇ ಹೋಟೆಲ್ಲಿನ ರೂಮುಗಳನ್ನ ಬರ್ನಾರ್ಡೊ ಬಾಡರ್ ಅನ್ನೋ ಆರ್ಕಿಟೆಕ್ಟ್ ಈ ಸಂಘದ ಕೆಲಸಗಾರರ ಜೊತೆ ಹೊಸದು ಮಾಡಿದ್ರು, ಅಲ್ಲಿ ಮಲಗೋ ಮಂಚ ಕೂರೋ ಬೆಂಚು ಎಲ್ಲಾ ಅಕ್ಕಪಕ್ಕದ ವರ್ಕ್‌ಶಾಪಲ್ಲಿ ಮಾಡಿದ್ದು. ಪಕ್ಕದ ಕ್ರುಂಬಾಕ್ ಹಳ್ಳೀಲಿ 2014ರಲ್ಲಿ ಏಳು ಬಸ್‌ಸ್ಟಾಪ್‌ಗಳನ್ನ ಏಳು ದೇಶದ ಆರ್ಕಿಟೆಕ್ಟ್‌ಗಳ ಹತ್ರ ಡಿಸೈನ್ ಮಾಡಿಸಿದ್ರು, ಸೌ ಫುಜಿಮೊಟೊ, ವಾಂಗ್ ಶು ಅಂಥ ದೊಡ್ಡ ಹೆಸರುಗಳು, ಕಟ್ಟಿದ್ದು ಮಾತ್ರ ಊರಿನ ಕೆಲಸಗಾರರು. ಕಟ್ಟೋ ಕೆಲಸದಲ್ಲಿ ಆಸಕ್ತಿ ಇರೋರು, ಆರ್ಕಿಟೆಕ್ಚರ್ ಓದೋ ಮಕ್ಕಳಿರೋ ಮನೆಯವರು ಸ್ವಿಟ್ಜರ್ಲೆಂಡಿಗಿಂತ ಮೊದಲು ಇಲ್ಲಿಗೆ ಹೋಗಿ ಅಂತಲೇ ನನ್ನ ಸಲಹೆ, ಖರ್ಚೂ ಅಲ್ಲಿಗಿಂತ ಕಮ್ಮಿ.

ಮೂರನೇದು ತಲುಪೋ ದಾರಿ, ಇದೂ ಡಿಸೈನಿನ ಭಾಗವೇ. ಸೌತ್ ಟಿರೋಲ್‌ನಲ್ಲಿ ಲಾನಾ ಊರಿನ ಮೇಲೆ 1,500 ಮೀಟರ್ ಎತ್ತರದಲ್ಲಿ ವಿಜಿಲಿಯಸ್ ಅಂತ ಹೋಟೆಲ್ ಇದೆ, ಮಾತ್ತೆಯೋ ತೂನ್ ಡಿಸೈನು, 2003ರದ್ದು. ಅಲ್ಲಿಗೆ ಕಾರೇ ಹೋಗಲ್ಲ, ಕೇಬಲ್ ಕಾರಲ್ಲೇ ಹೋಗಬೇಕು, ಆ ಕೇಬಲ್ ಕಾರ್ ಶುರುವಾಗಿದ್ದು 1912ರಲ್ಲಿ, ನಮ್ಮ ಅರಮನೆ ಕಟ್ಟಿ ಮುಗಿದ ವರ್ಷ. ಲಾರ್ಚ್ ಮರದ ಉದ್ದನೆ ಕಟ್ಟಡ, ಕಾಡಿನ ಮಧ್ಯೆ ಬಿದ್ದ ಮರದ ದಿಮ್ಮಿ ಥರ ಇರಲಿ ಅಂತಲೇ ಅಡ್ಡಡ್ಡ ಮಲಗಿಸಿದ ಹಾಗೆ ಕಟ್ಟಿದ್ದಾರೆ, ರೂಮಿನೊಳಗೆ ಮಂಚದ ಹಿಂದೆ ಮಣ್ಣಿನ ಗೋಡೆ, ಆ ಗೋಡೇನೇ ಬೆಚ್ಚಗಾಗತ್ತೆ. ಜೆರ್ಮಾಟ್ ಊರಿಗೂ ಪೆಟ್ರೋಲ್ ಕಾರ್ ಬಿಡಲ್ಲ, ಟ್ರೈನಲ್ಲಿ ಇಳಿದು ನಡೀಬೇಕು ಇಲ್ಲಾ ಎಲೆಕ್ಟ್ರಿಕ್ ಗಾಡಿ ಹತ್ತಬೇಕು, ಅಲ್ಲಿನ ಓಮ್ನಿಯಾ ಹೋಟೆಲ್ (ಅಲಿ ತಯ್ಯಾರ್ ಡಿಸೈನು, 2006) ಒಂದು ಬಂಡೆ ಮೇಲೆ ಕೂತಿದೆ, ಬಂಡೆಯೊಳಗೆ ಸುರಂಗದಲ್ಲಿ ನಡೆದು ಲಿಫ್ಟ್ ಹತ್ತಿ ಮೇಲೆ ಬರಬೇಕು. ಇಂಥ ಕಡೆ ಹೋಗೋಕೆ ಮುಂಚೆ ಕೊನೇ ಕೇಬಲ್ ಕಾರ್ ಎಷ್ಟು ಗಂಟೆಗೆ ಅಂತ ನೋಡ್ಕೊಳ್ಳಿ, ಮತ್ತೆ 30 ಕೆಜಿ ಸೂಟ್‌ಕೇಸು ನಾಲ್ಕು ತಗೊಂಡು ಹೋಗ್ಬೇಡಿ ದಯವಿಟ್ಟು.

ನಾಲ್ಕನೇದು ರೂಮಿನ ಅಳತೆ. ಚದರ ಮೀಟರ್ ಅಂತ ಕೊಟ್ಟಿರ್ತಾರೆ, ಅದನ್ನ 10.76ರಿಂದ ಗುಣಿಸಿ ಚದರಡಿ ಮಾಡ್ಕೊಳ್ಳಿ, 25 ಚದರ ಮೀಟರ್ ಅಂದ್ರೆ ಸುಮಾರು 270 ಚದರಡಿ. ಫ್ಲೋರ್ ಪ್ಲಾನ್ ಹಾಕಿರೋ ಹೋಟೆಲ್‌ಗಳೂ ಇವೆ, ಇಲ್ದಿದ್ರೆ ಮೇಲ್ ಮಾಡಿ ಕೇಳಿ. ಪ್ಲಾನಲ್ಲಿ ಬಾತ್‌ರೂಮ್ ಗೋಡೆ ಗಾಜಿನದ್ದಾ ಅಂತ ನೋಡೋದು ಮುಖ್ಯ, ಡಿಸೈನ್ ಹೋಟೆಲ್‌ಗಳಲ್ಲಿ ಮಲಗೋ ಕೋಣೆಗೂ ಸ್ನಾನದ ಮನೆಗೂ ಮಧ್ಯೆ ಬರೀ ಗಾಜು ಇರೋದು ಬಹಳ ಸಾಮಾನ್ಯ, ಕೆಲವು ಕಡೆ ಬಾತ್‌ಟಬ್ ಮಂಚದ ಪಕ್ಕದಲ್ಲೇ. ಅಪ್ಪ ಅಮ್ಮನ್ನೋ ಬೆಳೆದ ಮಕ್ಕಳನ್ನೋ ಜೊತೆಗೆ ಕರ್ಕೊಂಡು ಹೋಗ್ತಿದ್ರೆ ಬೇರೆ ಬೇರೆ ರೂಮು ತಗೊಳ್ಳಿ.

ಪೂಲ್ ಬಗ್ಗೆ ಒಂದು ಮಾತು. ಸೌತ್ ಟಿರೋಲ್‌ನ ಓಲಾಂಗ್ ಊರಿನ ಹುಬರ್ಟಸ್ ಹೋಟೆಲ್ಲಿನ ಪೂಲ್ ನೀವು ಖಂಡಿತ ನೋಡಿರ್ತೀರ, 25 ಮೀಟರ್ ಉದ್ದ, ಕಟ್ಟಡದಿಂದ ಮುಂದಕ್ಕೆ ಗಾಳೀಲಿ ಚಾಚಿಕೊಂಡಿದೆ, ನೋವಾ ಅನ್ನೋ ತಂಡ 2016ರಲ್ಲಿ ಮಾಡಿದ್ದು. ಕೆಲಸ ನಿಜಕ್ಕೂ ಚೆನ್ನಾಗಿದೆ, ಲಾರ್ಚ್ ಮರದ ಕಂಬಗಳು ಹಳೇ ಹೋಟೆಲ್ಲನ್ನೂ ಹೊಸ ಭಾಗವನ್ನೂ ಒಂದು ಮಾಡ್ತವೆ. ಆದ್ರೆ ಅದಾದ ಮೇಲೆ ಆ ಸೀಮೇಲಿ ಎಲ್ಲರಿಗೂ ಅಂಥದ್ದೇ ಪೂಲ್ ಬೇಕಾಗಿ, ಕಟ್ಟಡ ಹೇಗಾದ್ರೂ ಇರ್ಲಿ ಪೂಲ್ ಒಂದು ಮುಂದಕ್ಕೆ ಚಾಚಿದ್ರೆ ಸಾಕು ಅನ್ನೋ ಹಾಗಾಗಿದೆ. ಪೂಲಲ್ಲಿ ನೀವು ಇರೋದು ದಿನಕ್ಕೆ ಒಂದು ಗಂಟೆ, ಉಳಿದ ಹೊತ್ತು ರೂಮು, ಊಟದ ಹಾಲ್, ಕಾರಿಡಾರು, ಅವುಗಳ ಫೋಟೋ ಎಷ್ಟಿವೆ ಅಂತ ಎಣಿಸಿ.

ಯಾವಾಗ ಹೋಗೋದು

ಇಲ್ಲಿ ನಮ್ಮೂರಿನ ಕ್ಯಾಲೆಂಡರ್‌ಗೂ ಅಲ್ಲಿನ ಕ್ಯಾಲೆಂಡರ್‌ಗೂ ಜಗಳ. ನಮ್ಮ ಸ್ಕೂಲಿಗೆ ಬೇಸಿಗೆ ರಜೆ ಏಪ್ರಿಲ್ ಮೇ, ಅದೇ ಹೊತ್ತಿಗೆ ಬೆಟ್ಟದ ಮೇಲಿನ ಹೋಟೆಲ್‌ಗಳಲ್ಲಿ ಬಹಳಷ್ಟು ಬಾಗಿಲು ಹಾಕಿರ್ತವೆ. ಈಸ್ಟರ್ ಮುಗಿದ ಮೇಲೆ ಸ್ಕೀ ಸೀಸನ್ ಮುಗಿಯತ್ತೆ, ಹಿಮ ಕರಗಿ ಎಲ್ಲಾ ಕೆಸರು, ಕೇಬಲ್ ಕಾರ್‌ಗಳು ರಿಪೇರಿಗೆ ನಿಲ್ತವೆ, ಸ್ಟಾಫ್‌ಗೆ ರಜೆ. ನವೆಂಬರಲ್ಲೂ ಇದೇ ಕಥೆ. ತೆರೆದಿದ್ರೂ ಅರ್ಧ ಸೌಲಭ್ಯ ಇರಲ್ಲ. ಮೇ ತಿಂಗಳಲ್ಲೇ ಹೋಗ್ಬೇಕು ಅಂದ್ರೆ ಕೆಳಗಿನ ಊರುಗಳು ಓಕೆ, ಮೆರಾನೋ ಸುತ್ತಮುತ್ತ ಹಾಗೆ, ಮೇಲಿನವು ಬೇಡ.

ದಸರಾ ರಜೆ ಮಾತ್ರ ಹೇಳಿ ಮಾಡಿಸಿದ ಹಾಗೆ. ಲಾರ್ಚ್ ಮರ ಚಳಿಗಾಲಕ್ಕೆ ಎಲೆ ಉದುರಿಸೋ ಸೂಜಿ ಎಲೆ ಮರ, ಅಕ್ಟೋಬರಲ್ಲಿ ಇಡೀ ಇಳಿಜಾರು ಬಂಗಾರದ ಬಣ್ಣಕ್ಕೆ ತಿರುಗತ್ತೆ, ಆಕಾಶ ತಿಳಿಯಾಗಿರತ್ತೆ, ಜನ ಕಮ್ಮಿ. ಜಂಬೂಸವಾರಿ ಮುಗಿಸ್ಕೊಂಡು ಹೊರಟ್ರೂ ಸಾಕು, ಸುಮಾರು ಹೋಟೆಲ್‌ಗಳು ಅಕ್ಟೋಬರ್ ಕೊನೇವರೆಗೂ ತೆರೆದಿರ್ತವೆ, ಆದ್ರೆ ಯಾವ ತಾರೀಕಿಗೆ ಮುಚ್ತಾರೆ ಅಂತ ಪ್ರತಿ ಹೋಟೆಲ್ಲಿನದೂ ಬೇರೆ ಬೇರೆ, ನೋಡ್ಕೊಳ್ಳಿ. ಹಿಮ ನೋಡೋದೇ ಆಸೆ ಅಂದ್ರೆ ಜನವರಿ ಮಧ್ಯ, ಕ್ರಿಸ್‌ಮಸ್ ನ್ಯೂ ಇಯರ್ ರೇಟ್ ಇಳಿದಿರತ್ತೆ, ಸ್ಕೀ ಬರದಿದ್ರೂ ಪರವಾಗಿಲ್ಲ, ನಡೆಯೋಕೆ ಅಂತಲೇ ಹಿಮ ಒತ್ತಿ ಮಾಡಿದ ದಾರಿಗಳಿರ್ತವೆ.

ಎತ್ತರದ ಬಗ್ಗೆ ಹೆದರಬೇಡಿ. ವಾಲ್ಸ್ 1,250 ಮೀಟರ್, ಜೆರ್ಮಾಟ್ 1,600, ಬ್ರಿಕ್ಸನ್ ಮೇಲಿನ ಫಾರೆಸ್ಟಿಸ್ ಹೋಟೆಲ್ 1,800, ನಾವು ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಮುಟ್ಟೋ ಊಟಿ 2,240. ಉಸಿರಾಟದ ತೊಂದರೆ ಇರೋರು ಯೋಚನೆ ಮಾಡಬೇಕಾಗಿರೋದು 3,089 ಮೀಟರಿನ ಗೋರ್ನರ್‌ಗ್ರಾಟ್, 3,454ರ ಯುಂಗ್‌ಫ್ರಾವ್‌ಯೋಕ್ ಅಂಥ ಕಡೆ ಹತ್ತುವಾಗ. ಫಾರೆಸ್ಟಿಸ್ ಹೆಸರು ಬಂತಲ್ಲ, ಅದೂ 1912ರ ಹೊತ್ತಿಗೆ ಸ್ಯಾನಿಟೋರಿಯಂ ಆಗ್ಲಿ ಅಂತ ಕಟ್ಟಿದ ಜಾಗ, 2020ರಲ್ಲಿ ಮೂರು ತೆಳ್ಳನೆ ಗೋಪುರ ಸೇರಿಸಿ ಹೋಟೆಲ್ ಮಾಡಿದ್ದಾರೆ, ಪ್ರತಿ ರೂಮಿಂದಲೂ ಎದುರಿಗೆ ಡೋಲೊಮೈಟ್ಸ್ ಬೆಟ್ಟಸಾಲು ಕಾಣತ್ತೆ. ಬಹಳ ದುಬಾರಿ, ಚಿಕ್ಕ ಮಕ್ಕಳಿಗೆ ಪ್ರವೇಶ ಇಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು ಅಂತ ಹೊರಟಿರೋರು ಇದ್ದಾರಲ್ಲ, ಅಂಥವರಿಗೆ.

ದುಡ್ಡು, ಊಟ, ಸೌನಾ

ರೇಟ್ ನೋಡುವಾಗ ಸೌತ್ ಟಿರೋಲ್ ಮತ್ತೆ ಆಸ್ಟ್ರಿಯಾದಲ್ಲಿ ಬಹಳಷ್ಟು ಹೋಟೆಲ್‌ಗಳ ರೇಟ್ ಒಬ್ಬರಿಗೆ ಒಂದು ರಾತ್ರಿಗೆ ಇರತ್ತೆ, ರೂಮಿಗಲ್ಲ, ಹಾಗಾಗಿ ಇಬ್ಬರಿಗೆ ಡಬಲ್. ಆದ್ರೆ ಅದ್ರಲ್ಲಿ ಹಾಫ್ ಬೋರ್ಡ್ ಅಂತ ಬೆಳಗಿನ ತಿಂಡಿ, ರಾತ್ರಿ ಊಟ ಎರಡೂ ಸೇರಿರತ್ತೆ, ಕೆಲವು ಕಡೆ ಮಧ್ಯಾಹ್ನದ ಕೇಕು ಸೂಪೂ ಇರತ್ತೆ. ಬೆಟ್ಟದ ಮೇಲೆ ಬೇರೆ ಹೋಟೆಲ್ ಇರಲ್ಲವಾದ್ರಿಂದ ಹಾಫ್ ಬೋರ್ಡ್ ತಗೊಳ್ಳೋದೇ ಲಾಭ. ಇದರ ಮೇಲೆ ಊರಿನ ಟೂರಿಸ್ಟ್ ಟ್ಯಾಕ್ಸ್ ಪ್ರತಿ ತಲೆಗೆ ಪ್ರತಿ ರಾತ್ರಿಗೆ ಬೇರೆ, ಕೊನೇ ದಿನ ಬಿಲ್ಲಲ್ಲಿ ಬರತ್ತೆ. ಸೌತ್ ಟಿರೋಲ್‌ನಲ್ಲಿ ಸುಮಾರು ಹೋಟೆಲ್‌ಗಳು ಗೆಸ್ಟ್ ಪಾಸ್ ಕೊಡ್ತವೆ, ಅದ್ರಲ್ಲಿ ಆ ಸೀಮೆಯ ಬಸ್ಸು, ಲೋಕಲ್ ಟ್ರೈನು ಫ್ರೀ, ಬುಕ್ ಮಾಡುವಾಗಲೇ ಇದೆಯಾ ಅಂತ ಕೇಳಿ.

ಸಸ್ಯಾಹಾರಿಗಳಿಗೆ ಸ್ವಲ್ಪ ವಿವರವಾಗೇ ಹೇಳ್ತೀನಿ. ವೆಜಿಟೇರಿಯನ್ ಅಂತ ಬರೀ ಒಂದು ಪದ ಬರೆದ್ರೆ ಅಲ್ಲಿ ಮೊಟ್ಟೆ ಇರೋದು ಕೊಡ್ತಾರೆ. ಬ್ರೆಡ್ಡಿನ ಉಂಡೆ ಕ್ನೋಡೆಲ್, ಚೀಸ್ ಹಾಕಿದ ಸ್ಪೆಟ್ಸ್‌ಲೆ, ಪಾಲಕ್ ರಿಕೋಟಾ ತುಂಬಿದ ಶ್ಲುಟ್ಸ್‌ಕ್ರಾಪ್‌ಫೆನ್ ಎಲ್ಲಾ ಮಾಂಸ ಇಲ್ಲದ್ದೇ ಆದ್ರೂ ಹಿಟ್ಟಲ್ಲಿ ಮೊಟ್ಟೆ ಸಾಮಾನ್ಯ, ಸೂಪಿನ ನೀರು ಮಾಂಸದ್ದಾಗಿರಬಹುದು, ಪಾರ್ಮೆಸಾನ್ ಚೀಸ್ ಮಾಡೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ. ಹಾಗಾಗಿ ಹೋಗೋಕೆ ಎರಡು ವಾರ ಮುಂಚೆ ಮೇಲ್ ಮಾಡಿ, ಮಾಂಸ ಮೀನು ಮೊಟ್ಟೆ ಬೇಡ, ಮಾಂಸದ ಸಾರಿನಲ್ಲಿ ಮಾಡಿದ ಸೂಪ್ ಬೇಡ, ಹಾಲು ಮೊಸರು ಬೆಣ್ಣೆ ಓಕೆ, ಅಂತ ಬಿಡಿಸಿ ಬರೀರಿ. ಒಳ್ಳೆ ಹೋಟೆಲ್‌ಗಳಲ್ಲಿ ಅಡುಗೆಯವರು ಇದನ್ನ ಬಹಳ ಶ್ರದ್ಧೆಯಿಂದ ಮಾಡ್ತಾರೆ, ಮುಂಚೆ ತಿಳಿಸ್ಬೇಕು ಅಷ್ಟೇ. ರಾತ್ರಿ ಊಟ ಆರೂವರೆ ಏಳಕ್ಕೆ ಶುರುವಾಗಿ ಎಂಟೂವರೆ ಮೇಲೆ ಕಿಚನ್ ಮುಚ್ಚೋದೂ ಉಂಟು, ನಮ್ಮ ಒಂಬತ್ತೂವರೆ ಊಟ ನಡೆಯಲ್ಲ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತಗೊಂಡು ಹೋಗಿ, ಗೊಜ್ಜು ಚೆಕ್‌ಇನ್ ಬ್ಯಾಗಲ್ಲಿರ್ಲಿ. ತುಪ್ಪದ ಡಬ್ಬ, ಹಾಲಿನ ಪೇಡ ಬೇಡ, ಹೊರದೇಶದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಪ್ರಯಾಣಿಕರು ತರೋ ಹಾಗಿಲ್ಲ ಅಂತ ಯೂರೋಪಿಯನ್ ಯೂನಿಯನ್ ನಿಯಮ. ರೂಮಲ್ಲಿ ರೈಸ್ ಕುಕ್ಕರ್ ಇಡ್ಬೇಡಿ, ಪೂರ್ತಿ ಮರದ ಕಟ್ಟಡ ಅದು, ಹೊಗೆಗೆ ಅಲಾರಾಂ ಹೊಡ್ಕೊಳ್ಳತ್ತೆ.

ಅಡುಗೆ ಮಾಡ್ಕೊಂಡೇ ಇರ್ಬೇಕು ಅನ್ನೋ ದೊಡ್ಡ ಫ್ಯಾಮಿಲಿಗೆ ಬೇರೆ ದಾರಿ ಇದೆ. ವಾಲ್ಸ್ ಮೇಲೆ ಲೈಸ್ ಅಂತ ಹತ್ತಾರು ಮನೆಯ ಕುಗ್ರಾಮ, ಅಲ್ಲಿ ಜುಮ್ತೋರ್ ಪೂರ್ತಿ ದಪ್ಪ ಮರದ ತೊಲೆಗಳಲ್ಲೇ ಕಟ್ಟಿದ ಮನೆಗಳು ಬಾಡಿಗೆಗೆ ಸಿಗ್ತವೆ, ಕಿಚನ್ ಸಮೇತ. ಒಬ್ಬ ಪ್ರಿಟ್ಸ್‌ಕರ್ ಆರ್ಕಿಟೆಕ್ಟ್ ಕಟ್ಟಿದ ಮನೇಲಿ ಅನ್ನ ಸಾರು ಮಾಡ್ಕೊಂಡು, ಕಿಟಕಿ ಪಕ್ಕ ಕೂತು ಊಟ ಮಾಡೋ ಅವಕಾಶ, ನಾನಾದ್ರೆ ಐಷಾರಾಮಿ ಸೂಟ್‌ಗಿಂತ ಇದನ್ನೇ ಆರಿಸ್ತೀನಿ.

ಸೌನಾ, ಅಂದ್ರೆ ಬೆವರು ಹರಿಸೋಕೆ ಕೂರೋ ಬಿಸಿ ಕೋಣೆ, ಅದರ ವಿಷಯ ಮುಜುಗರ ಪಡದೇ ಹೇಳ್ಬೇಕು, ಯಾಕಂದ್ರೆ ಟೂರ್ ಕಂಪನಿಯವರು ಯಾರೂ ಹೇಳಲ್ಲ. ಆಸ್ಟ್ರಿಯಾ, ಸೌತ್ ಟಿರೋಲ್, ಸ್ವಿಟ್ಜರ್ಲೆಂಡಿನ ಜರ್ಮನ್ ಮಾತಾಡೋ ಭಾಗ ಇಲ್ಲೆಲ್ಲ ಸೌನಾದೊಳಗೆ ಗಂಡಸರು ಹೆಂಗಸರು ಒಟ್ಟಿಗೆ, ಬಟ್ಟೆ ಇಲ್ಲದೆ ಕೂರೋದು ರೂಢಿ, ಅವರಿಗೆ ಅದು ಶುಚಿತ್ವದ ವಿಷಯ, ಕೆಟ್ಟ ಅರ್ಥ ಏನೂ ಇಲ್ಲ. ಪೂಲಲ್ಲಿ ಮಾತ್ರ ಸ್ವಿಮ್‌ಸೂಟ್ ಹಾಕ್ಲೇಬೇಕು. ನಿಮಗೆ ಒಗ್ಗಲ್ಲ ಅಂದ್ರೆ ಟೆಕ್ಸ್‌ಟೈಲ್ ಸೌನಾ ಅಂತ ಬಟ್ಟೆ ಹಾಕ್ಕೊಂಡು ಹೋಗೋ ಸೌನಾ ಇದೆಯಾ, ಹೆಂಗಸರಿಗೇ ಬೇರೆ ಸೌನಾ ಇದೆಯಾ ಅಂತ ಮೊದಲೇ ಕೇಳ್ಕೊಳ್ಳಿ, ಎಷ್ಟೋ ಹೋಟೆಲ್‌ಗಳಲ್ಲಿ ಇರತ್ತೆ. ವಾಲ್ಸ್‌ನ ಸ್ನಾನಗೃಹದಲ್ಲಿ ಎಲ್ಲರೂ ಸ್ವಿಮ್‌ಸೂಟಲ್ಲೇ ನೀರಿಗಿಳಿಯೋದು, ಮೊಬೈಲ್ ಮಾತ್ರ ಒಳಗೆ ತೆಗೆಯೋ ಹಾಗಿಲ್ಲ, ಒಳ್ಳೇದೇ ಆಯ್ತು.

ಚಿಕ್ಕಪುಟ್ಟದ್ದು: ಡಬಲ್ ಬೆಡ್ ಮೇಲೆ ಎರಡು ಬೇರೆ ಬೇರೆ ಹೊದಿಕೆ ಇರತ್ತೆ, ಫ್ಯಾನು ಎಸಿ ಇರಲ್ಲ, ನಲ್ಲಿ ನೀರೇ ಕುಡೀಬಹುದು, ಇಟಲಿ ಕಡೆ ಬಾತ್‌ರೂಮಲ್ಲಿ ಬಿಡೆ ಅಂತ ತೊಳ್ಕೊಳ್ಳೋ ಬೇಸಿನ್ ಇರತ್ತೆ, ಸ್ವಿಸ್ ಆಸ್ಟ್ರಿಯಾದಲ್ಲಿ ಸಾಮಾನ್ಯವಾಗಿ ಇರಲ್ಲ, ಒಂದು ಚಿಕ್ಕ ಚೊಂಬು ಬ್ಯಾಗಲ್ಲಿರ್ಲಿ.

ಬಜೆಟ್ ಇಲ್ಲದೇ ಇದ್ರೂ ಕಟ್ಟಡ ನೋಡ್ಬಹುದು. ಕೆಳಗಿನ ಊರಲ್ಲಿ ಸಾಧಾರಣ ಗೆಸ್ಟ್‌ಹೌಸಲ್ಲಿದ್ದು, ಟಿಕೆಟ್ ತಗೊಂಡು ವಾಲ್ಸ್ ಸ್ನಾನಗೃಹಕ್ಕೆ ಒಂದು ಹೊತ್ತು ಹೋಗಿ, ಹೋಟೆಲ್ ಅತಿಥಿಗಳಿಗೇ ಮೊದಲ ಆದ್ಯತೆ ಆದ್ರಿಂದ ಮುಂಚೆ ಬುಕ್ ಮಾಡಿ. ಸ್ವಿಟ್ಜರ್ಲೆಂಡಿನ ಚೇಸೆರ್‌ರುಗ್ ಬೆಟ್ಟದ ತುದೀಲಿ 2,262 ಮೀಟರಲ್ಲಿ ಹೆರ್ಜೋಗ್ ಡಿ ಮ್ಯೂರಾನ್ 2015ರಲ್ಲಿ ಕಟ್ಟಿದ ಮರದ ರೆಸ್ಟೋರೆಂಟ್ ಇದೆ, ಒಂದು ಕಾಫಿ ದುಡ್ಡಲ್ಲಿ ಅಷ್ಟು ಹೊತ್ತು ಕೂರಬಹುದು. ಅದೇ ದೇಶದ ಮೋಂಟೆ ಜೆನೆರೊಸೋ ಬೆಟ್ಟದ ಮೇಲೆ ಮಾರಿಯೋ ಬೋಟ್ಟಾ ಅವರ ಕಲ್ಲಿನ ಹೂವಿನಂಥ ಕಟ್ಟಡ (2017), ಹಲ್ಲಿನ ಹಳಿ ಟ್ರೈನಲ್ಲಿ ಹೋಗೋದು. ಸೌತ್ ಟಿರೋಲ್‌ನ ಕ್ರೋನ್‌ಪ್ಲಾಟ್ಸ್ ತುದೀಲಿ ಜಹಾ ಹದೀದ್ ಮಾಡಿದ, ಪರ್ವತಾರೋಹಿ ಮೆಸ್ನರ್ ಅವರ ಮ್ಯೂಸಿಯಂ (2015), ಬೆಟ್ಟದೊಳಗೇ ಕೊರೆದದ್ದು, ಹುಬರ್ಟಸ್ ಇರೋ ಓಲಾಂಗ್ ಇದರ ಬುಡದಲ್ಲೇ.

ವೀಸಾ ಮತ್ತೆ ಹೊರಡೋದು

ಮೂರೂ ದೇಶಕ್ಕೆ ಒಂದೇ ಶೆಂಗೆನ್ ವೀಸಾ ಸಾಕು, ಆದ್ರೆ ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕ್ಬೇಕು, ರಾತ್ರಿಗಳು ಸಮ ಆದ್ರೆ ಮೊದಲು ಕಾಲಿಡೋ ದೇಶಕ್ಕೆ. ವಾಲ್ಸ್‌ನಲ್ಲಿ ಮೂರು ರಾತ್ರಿ, ಸೌತ್ ಟಿರೋಲ್‌ನಲ್ಲಿ ನಾಲ್ಕು ಅಂದ್ರೆ ಇಟಲಿಗೆ ಹಾಕೋದು, ಇಳಿಯೋದು ಜ್ಯೂರಿಕ್ ಆದ್ರೂ. ದೊಡ್ಡವರಿಗೆ ಫೀಸ್ 90 ಯೂರೋ, 2024ರ ಜೂನಿಂದ, ಜೊತೆಗೆ ಸೆಂಟರ್‌ನ ಸರ್ವೀಸ್ ಚಾರ್ಜು, ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರ್ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕ್ಬಹುದು, 15 ದಿನಕ್ಕಿಂತ ಹತ್ತಿರ ಬಂದ್ಮೇಲೆ ಆಗಲ್ಲ. ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಒಂದು ದಿನ ಹೋಗಿ ಬರಬೇಕು.

ನನ್ನ ಪ್ಲಾನ್ ಹೀಗೆ: ದಸರಾಗೆ ಹೋಗೋದಾದ್ರೆ ಯುಗಾದಿ ಹೊತ್ತಿಗೆ ಹೋಟೆಲ್ ಗಟ್ಟಿ ಮಾಡಿ, ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ದುಡ್ಡು ವಾಪಸ್ ಬರೋ ರೇಟ್ ತಗೊಳ್ಳಿ, ವೀಸಾ ಕೈಗೆ ಬರೋವರೆಗೂ ಸ್ವಲ್ಪ ಜಾಸ್ತಿ ಆದ್ರೂ ಅದೇ ವಾಸಿ. ಒಳ್ಳೆ ಹೋಟೆಲ್ ಒಂದ್ರಲ್ಲೇ ಮೂರು ರಾತ್ರಿ, ಅದಕ್ಕಿಂತ ಕಮ್ಮಿ ಬೇಡ, ಮೊದಲನೇ ದಿನ ಜೆಟ್‌ಲ್ಯಾಗಲ್ಲೇ ಹೋಗತ್ತೆ, ಉಳಿದ ರಾತ್ರಿಗಳು ಸಾಧಾರಣ ರೂಮಲ್ಲಿ. ಮೈಸೂರು ಬಸ್‌ಸ್ಟ್ಯಾಂಡಿಂದ ಫ್ಲೈಬಸ್ಸಲ್ಲಿ ಸೀದಾ ಬೆಂಗಳೂರು ಏರ್‌ಪೋರ್ಟು, ಜ್ಯೂರಿಕಲ್ಲಿ ಇಳಿದ್ಮೇಲೆ ಟ್ರೈನಲ್ಲಿ ಖೂರ್, ಅಲ್ಲಿ ಕೆಂಪು ಬಣ್ಣದ ರೇಷಿಯನ್ ರೈಲ್ವೆ ಹಿಡಿದು ಇಲಾಂಜ್, ಅಲ್ಲಿಂದ ಹಳದಿ ಪೋಸ್ಟ್ ಬಸ್ಸು ವಾಲ್ಸ್‌ವರೆಗೂ. ಸ್ವಿಸ್ ಟ್ರಾವೆಲ್ ಪಾಸ್ ಇದ್ರೆ ಈ ಮೂರಕ್ಕೂ ಬೇರೆ ಟಿಕೆಟ್ ಬೇಡ. ಬಸ್ಸಲ್ಲಿ ಬಲಗಡೆ ಎಡಗಡೆ ಅಂತ ಯೋಚಿಸ್ಬೇಡಿ, ಡ್ರೈವರ್ ಹಿಂದಿನ ಸೀಟ್ ಸಿಕ್ಕಿದ್ರೆ ಅಲ್ಲೇ ಕೂತ್ಕೊಳ್ಳಿ, ಎದುರಿಗೆ ರಸ್ತೆ ಹೇಗೆ ಕಣಿವೆ ಹತ್ತತ್ತೆ ಅಂತ ಕಾಣತ್ತೆ.